ಕೆತ್ತಿ ತೆಗೆದ ಜಾಗ

ಈಜಿಪ್ಟಿನ ಲಕ್ಸರ್‌ನಿಂದ ಬಂದು ನಾಲ್ಕು ದಿನ ಆಯ್ತು. ಬಟ್ಟೆ ಒಗೆದಾಯ್ತು, ಶೂ ಒಳಗಿನ ಮರಳು ಕೊಡವಿಯೂ ಆಯ್ತು. ಆ ಗೋಡೆ ಮಾತ್ರ ಕಣ್ಣಿಂದ ಹೋಗ್ತಿಲ್ಲ.

ಅಲ್ಲಿನ ದೇರ್ ಎಲ್ ಬಹ್ರಿಯಲ್ಲಿ, ಹಿಂದೆ ಆ ದೇಶ ಆಳಿದ ರಾಣಿ ಹತ್ಶೆಪ್ಸುತ್ ಕಟ್ಟಿಸಿದ ದೇವಾಲಯ. ಬಂಡೆಗೆ ಒರಗಿ ನಿಂತ ಮೂರು ಅಂತಸ್ತು. ನಡುವಿನ ಅಂತಸ್ತಿನ ಬಲತುದಿಯಲ್ಲಿ ಅನುಬಿಸ್‌ನ ಗುಡಿ. ನರಿಮುಖದ ದೇವರು ಕೂತಿದ್ದಾನೆ, ಮುಂದೆ ನೈವೇದ್ಯದ ರಾಶಿ. ಸುಮಾರು 3,500 ವರ್ಷದ ಕೆಂಪು, ಹಳದಿ ಮೊನ್ನೆ ಬಳಿದ ಹಾಗಿದೆ. ನೈವೇದ್ಯ ಮಾಡುತ್ತಿರುವ ರಾಣಿಯ ಜಾಗದಲ್ಲಿ ಮಾತ್ರ ಬರೀ ಉಳಿ ಏಟು. ಅಂಚು ಬಿಡದೆ ಕೆತ್ತಿದ್ದಕ್ಕೋ ಏನೋ, ಅವಳ ಆಕಾರ ಹಾಗೇ ಉಳಿದುಬಿಟ್ಟಿದೆ.

"ಯಾರು ಮಾಡಿದ್ದೇ ಇದು?" ಅಂದರು ಅತ್ತೆ.

"ಮಲಮಗ. ಮೂರನೇ ಥುತ್ಮೋಸ್."

"ಯಾವಾಗ?"

ಗೈಡನ್ನು ಕೇಳಿ ಹೇಳಿದೆ, ಅವಳು ಸತ್ತು ಇಪ್ಪತ್ತು ವರ್ಷ ದಾಟಿದ ಮೇಲೆ ಅಂತ. ಅತ್ತೆ ಗೋಡೆಯಿಂದ ಕಣ್ಣು ತೆಗೀಲಿಲ್ಲ. "ಹಾಗಾದ್ರೆ ಸಿಟ್ಟಲ್ಲ ಬಿಡು. ಸಿಟ್ಟಿದ್ದಿದ್ರೆ ಮಾರನೇ ದಿನವೇ ಕೆತ್ತಿಸ್ತಿದ್ದ. ಇದು ಲೆಕ್ಕಾಚಾರ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು. ಈಗಿನ ವಿದ್ವಾಂಸರಲ್ಲಿ ಹಲವರು ಹೇಳುವುದೂ ಇದನ್ನೇ: ದ್ವೇಷಕ್ಕಿಂತ ಹೆಚ್ಚಾಗಿ, ತನ್ನ ಮಗ ಅಮೆನ್‌ಹೋತೆಪ್‌ನ ಪಟ್ಟಕ್ಕೆ ಯಾರೂ ತಕರಾರು ತೆಗೆಯಬಾರದು ಅಂತ ಮಾಡಿದ ಕೆಲಸ. ಹೆಣ್ಣೊಬ್ಬಳು ಫೇರೋ ಆಗಿದ್ದಳು ಅನ್ನುವ ಉದಾಹರಣೆಯೇ ಉಳಿಯಬಾರದು.

ಅವಳೇನು ಸಾಮಾನ್ಯದವಳಲ್ಲ. ಗಂಡ ಸತ್ತಾಗ ಮಲಮಗ ಚಿಕ್ಕವನು, ಅವನ ಪರವಾಗಿ ಆಳೋಕೆ ಕೂತವಳು ಕೆಲವೇ ವರ್ಷದಲ್ಲಿ ತಾನೇ ಕಿರೀಟ ಇಟ್ಟುಕೊಂಡಳು. ಇಪ್ಪತ್ತು ವರ್ಷದ ಮೇಲೆ ನಡೆಸಿದಳು. ಪಂಟ್ ದೇಶಕ್ಕೆ ಹಡಗು ಕಳಿಸಿ ಧೂಪದ ಮರಗಳನ್ನು ಬೇರುಸಮೇತ ಬುಟ್ಟಿಯಲ್ಲಿ ತರಿಸಿದ್ದು ಅದೇ ದೇವಾಲಯದ ಗೋಡೆ ಮೇಲಿದೆ. ಶಿಲ್ಪದಲ್ಲಿ ಕಟ್ಟುಗಡ್ಡ, ಬರಹದಲ್ಲಿ ಸ್ತ್ರೀಲಿಂಗ. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿ ಓದಿದ ವಿದ್ವಾಂಸ ಶಾಂಪೋಲಿಯನ್ 1829ರಲ್ಲಿ ಇಲ್ಲಿಗೆ ಬಂದಾಗ, ಗಡ್ಡದ ರಾಜನಿಗೆ 'ಬಂದಳು, ಕಟ್ಟಿಸಿದಳು' ಅಂತ ಯಾಕಿದೆ ಎಂದು ತಲೆ ಕೆಡಿಸಿಕೊಂಡನಂತೆ. ಉಳಿ ಹಿಡಿದವರು ಮುಖ ಹುಡುಕಿ ಹುಡುಕಿ ಕೆತ್ತಿದರು, ವ್ಯಾಕರಣ ಅಲ್ಲಲ್ಲಿ ತಪ್ಪಿಸಿಕೊಂಡಿತು! ಕಾರ್ನಾಕ್‌ನಲ್ಲಿ ಅವಳು ನಿಲ್ಲಿಸಿದ ಒಂದೇ ಕಲ್ಲಿನ ಚೂಪುಕಂಬ, ಒಬೆಲಿಸ್ಕ್‌ಗೆ ಸುತ್ತ ಗೋಡೆ ಕಟ್ಟಿ ಮುಚ್ಚಿದ್ದರು. ಆ ಗೋಡೆಯೇ ಕಲ್ಲನ್ನು ಕಾಪಾಡಿತು. ಸುಮಾರು 30 ಮೀಟರ್ ಎತ್ತರಕ್ಕೆ ಇನ್ನೂ ನಿಂತಿದೆ. ಮುಂದೆ ಇದನ್ನು ನೋಡಿದವರು ಏನನ್ನುತ್ತಾರೋ ಅಂತ ಅದರ ಮೇಲೆ ಬರೆಸಿದ್ದಾಳೆ, ಪಾಪ.

ಅತ್ತೆಗೆ ಇದು ಹೇಗೆ ಹೊಳೆಯಿತು ಅಂತ ವಿಮಾನದಲ್ಲಿಡೀ ಯೋಚಿಸಿದೆ. ಮಾವ ಹೋದಾಗ ನನ್ನ ಗಂಡನಿಗೆ ಒಂಬತ್ತು ವರ್ಷ. ಹದಿನೈದು ವರ್ಷ ಹಿಟ್ಟಿನ ಗಿರಣಿ ನಡೆಸಿದ್ದು ಅತ್ತೆ, ಬೆಲ್ಟು ಹರಿದರೆ ತಾವೇ ಕೂಡಿಸುತ್ತಾ. ಕಳೆದ ವರ್ಷ ಗಿರಣಿಗೆ ಹೊಸ ಬೋರ್ಡು ಬಂತು. ಮಾವನ ಹೆಸರು, ಕೆಳಗೆ 'ಮತ್ತು ಮಕ್ಕಳು'. ನನ್ನ ಗಂಡ ಒಳ್ಳೆಯವರೇ, ಯಾವ ಕೆಟ್ಟ ಬುದ್ಧಿಯೂ ಇಲ್ಲ. ಆ ಬೋರ್ಡಿಗೆ ಪೂಜೆ ಮಾಡಿ ಅಮ್ಮನ ಕಾಲಿಗೂ ಬಿದ್ದರು. ಅಲ್ಲೇ ನಿಂತಿದ್ದ ನನಗೂ ಏನೂ ಅನ್ನಿಸಲಿಲ್ಲ, ಅದು ಬೇರೆ ವಿಷಯ.

ಹೊರಡುವಾಗ ಎಲ್ಲರೂ ದೇವಾಲಯದ ಮುಂದೆ ಫೋಟೊಗೆ ನಿಂತರು. ಅತ್ತೆ ನನ್ನನ್ನು ವಾಪಸ್ ಗುಡಿಗೆ ಕರೆದುಕೊಂಡು ಹೋಗಿ, ಆ ಉಳಿ ಏಟಿನ ಪಕ್ಕ ಸೆರಗು ಸರಿ ಮಾಡಿಕೊಂಡು ನಿಂತರು. "ಇಲ್ಲಿ ತೆಗಿ."

ಫೋಟೊ ರಾತ್ರಿಯೇ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋಯಿತು. ನನ್ನ ಗಂಡ ಹೆಬ್ಬೆರಳು ಒತ್ತಿ, "ಹಿಂದಿರೋ ಗೋಡೆ ಯಾಕೆ ಹಾಗೆ ಹಾಳಾಗಿದೆ?" ಅಂತ ಕೇಳಿದ್ದಾರೆ. ಅತ್ತೆ ನೋಡಿದ್ದಾರೆ, ನೀಲಿ ಗುರುತು ಬಂದಿದೆ. ಉತ್ತರ ಇನ್ನೂ ಬರೆದಿಲ್ಲ.