ಓಲ್ಡ್ ಟ್ರಾಫರ್ಡ್: ತೇಪೆಗೆ ಬಗ್ಗದ ಮೈದಾನ

ಓಲ್ಡ್ ಟ್ರಾಫರ್ಡ್ ಅಂದರೆ ನಮ್ಮೂರ ಕಡೆ ಹೆಚ್ಚಿನವರಿಗೆ ನೆನಪಾಗುವುದು 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಧೋನಿ ರನೌಟ್ ಆದ ಕ್ರಿಕೆಟ್ ಮೈದಾನ. ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಅದೇ ಹೆಸರಿನ ಇನ್ನೊಂದು ಮೈದಾನವಿದೆ, ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನದು. ಸುಮಾರು 74,000 ಜನ ಕೂರುವ ಜಾಗ. ಅದನ್ನು ರಿಪೇರಿ ಮಾಡಿಸಿ ಉಳಿಸಿಕೊಳ್ಳಬೇಕೋ, ಪಕ್ಕದಲ್ಲೇ ಹೊಸದನ್ನು ಕಟ್ಟಬೇಕೋ ಎಂಬುದು ಇಲ್ಲಿ ಮ್ಯಾಂಚೆಸ್ಟರ್‌ನವರ ದೊಡ್ಡ ಚರ್ಚೆ. ಅಷ್ಟು ದುಡ್ಡಿರುವ ಕ್ಲಬ್ಬಿಗೆ ಸೋರುವ ಸೂರು ಸರಿಮಾಡಿಸಲು ಆಗುವುದಿಲ್ಲವೇ ಎಂದು ಊರಿಂದ ಕೇಳುವವರಿದ್ದಾರೆ. ಸೂರಿನಿಂದಲೇ ಶುರುಮಾಡೋಣ.

2024ರ ಮೇ 12ರಂದು ಆರ್ಸೆನಲ್ ಪಂದ್ಯದ ದಿನ ಜೋರು ಮಳೆ ಬಂದು, ಛಾವಣಿಯ ಮೂಲೆಯಿಂದ ಕುರ್ಚಿಗಳ ಮೇಲೆ ಜಲಪಾತದಂತೆ ನೀರು ಸುರಿಯಿತು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 10,000 ಚದರ ಮೀಟರ್ ಛಾವಣಿಯ ಮೇಲೆ ಗಂಟೆಗೆ 30 ಮಿ.ಮೀ. ಮಳೆ ಅಂದರೆ 3 ಲಕ್ಷ ಲೀಟರ್. ಬೆಂಗಳೂರಿನ ಲೆಕ್ಕದಲ್ಲಿ 6,000 ಲೀಟರಿನ ಟ್ಯಾಂಕರು 50. ಇಷ್ಟೂ ನೀರು ಗಟರಿನಲ್ಲಿ ಹರಿದು ಪೈಪಿನಲ್ಲಿ ಇಳಿಯಬೇಕು. ಒಂದು ಪೈಪಿನ ಬಾಯಿಗೆ ಪಾರಿವಾಳದ ಗೂಡಿನ ಕಸ ಕಟ್ಟಿಕೊಂಡರೆ ಸಾಕು, ಗಟರು ತುಂಬಿ ಒಳಗಡೆಗೆ ಉಕ್ಕುತ್ತದೆ.

ಅದಕ್ಕಿಂತ ಹಠಮಾರಿ ಜಾಗ ಸೇರುವೆ. ಹಂಚಿನ ಮನೆಗೆ ಆಮೇಲೆ ಶೀಟಿನ ಚಾವಡಿ ಕೂಡಿಸಿದವರಿಗೆ ಗೊತ್ತು, ಎಷ್ಟು ಟಾರು ಬಳಿದರೂ ಸೋರುವುದು ಅವೆರಡೂ ಕೂಡುವಲ್ಲೇ. ಈ ಮೈದಾನ ಪೂರ್ತಿ ಅಂಥ ಕೂಡಿಕೆಗಳದು. 1910ರಲ್ಲಿ ವಾಸ್ತುಶಿಲ್ಪಿ ಆರ್ಚಿಬಾಲ್ಡ್ ಲೀಚ್ ಕಟ್ಟಿದ್ದು 1941ರ ಬಾಂಬ್ ದಾಳಿಗೆ ಹಾಳಾಯಿತು. ಕ್ಲಬ್ಬು ತನ್ನ ಮನೆಗೆ ಮರಳಿದ್ದು 1949ರಲ್ಲಿ. 1966ರ ಫುಟ್‌ಬಾಲ್ ವಿಶ್ವಕಪ್ಪಿಗಾಗಿ ಉತ್ತರದಲ್ಲಿ ಕಂಬವಿಲ್ಲದ ಸ್ಟ್ಯಾಂಡ್ ಎದ್ದಿತು. 1990ರ ದಶಕದಲ್ಲಿ ಅದನ್ನು ಕೆಡವಿ ಮೂರಂತಸ್ತಿನದನ್ನು ಕಟ್ಟಿದರು, ಆಮೇಲೆ ಪೂರ್ವ ಪಶ್ಚಿಮಗಳಿಗೆ ಎರಡನೇ ಅಂತಸ್ತು ಬಂತು, 2006ರಲ್ಲಿ ಎರಡು ಮೂಲೆಗಳು ತುಂಬಿದವು. ಬೇರೆ ಬೇರೆ ಕಾಲದ ಉಕ್ಕಿನ ಚೌಕಟ್ಟುಗಳು ಒಂದೇ ರೀತಿ ಅಲುಗುವುದಿಲ್ಲ. 50 ಮೀಟರ್ ಉದ್ದದ ಉಕ್ಕು 30 ಡಿಗ್ರಿ ತಾಪದ ವ್ಯತ್ಯಾಸಕ್ಕೆ 18 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಸಂದಿಗೆ ತುಂಬಿದ ಸೀಲಂಟ್ ವರ್ಷ ವರ್ಷ ಇದನ್ನು ತಾಳಿಕೊಂಡು, ಒಣಗಿ, ಒಂದು ದಿನ ಬಿರಿಯುತ್ತದೆ. ಅಲ್ಲಿಂದ ಇಳಿದ ನೀರು ಕಾಂಕ್ರೀಟಿನೊಳಗಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದೇ ಅರ್ಥ.

ಇಷ್ಟನ್ನೂ ದುಡ್ಡು ಸುರಿದು ಸರಿಮಾಡಬಹುದು. ಸರಿಮಾಡಲು ಬಾರದ್ದು ಕುರ್ಚಿಗಳು ಕೂತಿರುವ ಮೆಟ್ಟಿಲುಗಳ ಅಳತೆ. ಹಳೆಯ ಸಾಲುಗಳಲ್ಲಿ ಉದ್ದ ಕಾಲಿನವರ ಮೊಣಕಾಲು ಮುಂದಿನ ಕುರ್ಚಿಗೆ ಒತ್ತುತ್ತದೆ. ಸಾಲಿನ ಅಗಲ 70 ಸೆಂ.ಮೀ. ಇದ್ದುದನ್ನು 80 ಮಾಡಿದರಾಯಿತು ಅನ್ನಿಸಬಹುದು. ಮಾಡಿ ನೋಡಿ: 40 ಸಾಲು ಹಿಡಿಯುತ್ತಿದ್ದ 28 ಮೀಟರಿನಲ್ಲಿ ಈಗ 35 ಸಾಲು. ನೋಟವೂ ಕೆಡುತ್ತದೆ. ಹಿಂದೆ ಕೂತವನ ದೃಷ್ಟಿರೇಖೆ ಮುಂದಿನವನ ಕಣ್ಣಿನ ಮಟ್ಟಕ್ಕಿಂತ ಎಷ್ಟು ಮೇಲೆ ಹಾದುಹೋಗುತ್ತದೆ ಎಂಬುದನ್ನು ಇಲ್ಲಿ ಸಿ ಮೌಲ್ಯ ಎನ್ನುತ್ತಾರೆ. 90 ಮಿ.ಮೀ. ಇದ್ದರೆ ಸುಖ, 60 ಇದ್ದರೆ ಕತ್ತು ವಾಲಿಸಿ ಸುಧಾರಿಸಿಕೊಳ್ಳಬಹುದು. ಅಂಚಿನ ಗೆರೆಯಿಂದ 20 ಮೀಟರ್ ಹಿಂದೆ, ಕಣ್ಣು 8 ಮೀಟರ್ ಎತ್ತರದಲ್ಲಿರುವ ಸಾಲೊಂದನ್ನು ತೆಗೆದುಕೊಳ್ಳಿ. ಮೆಟ್ಟಿಲ ಎತ್ತರ 35 ಸೆಂ.ಮೀ., ಅಗಲ 70 ಇದ್ದಾಗ ಸಿ ಮೌಲ್ಯ 68 ಮಿ.ಮೀ. ಎತ್ತರ ಹಾಗೇ ಬಿಟ್ಟು ಅಗಲ 80 ಮಾಡಿದರೆ ಅದು 29ಕ್ಕೆ ಕುಸಿಯುತ್ತದೆ, ಅಂದರೆ ಕಾಣುವುದು ಮುಂದಿನವನ ಜುಟ್ಟು. ಮತ್ತೆ 68ಕ್ಕೆ ತರಲು ಮೆಟ್ಟಿಲು 39 ಸೆಂ.ಮೀ. ಆಗಬೇಕು. ಎರಕ ಹೊಯ್ದ ಮೆಟ್ಟಿಲನ್ನು ನಾಲ್ಕು ಸೆಂಟಿಮೀಟರ್ ಎತ್ತರಿಸುವ ರಿಪೇರಿ ಯಾವುದೂ ಇಲ್ಲ. ಸ್ಟ್ಯಾಂಡನ್ನೇ ಮತ್ತೆ ಕಟ್ಟಬೇಕು.

ಇನ್ನು ಬಾಗಿಲು. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಪ್ರಕಾರ ಒಂದು ಟರ್ನ್‌ಸ್ಟೈಲ್‌ನಲ್ಲಿ (ಒಬ್ಬೊಬ್ಬರನ್ನೇ ಒಳಬಿಡುವ ತಿರುಗುಗೇಟು) ಗಂಟೆಗೆ ಹೆಚ್ಚೆಂದರೆ 660 ಜನ. ಮೆಟ್ಟಿಲಿನ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ 66 ಜನ. ಹೊರಹೋಗಲು ಹೆಚ್ಚೆಂದರೆ 8 ನಿಮಿಷ. 74,000 ಜನ ಒಂದು ಗಂಟೆಯಲ್ಲಿ ಒಳಬರಲು 113 ಟರ್ನ್‌ಸ್ಟೈಲ್, 8 ನಿಮಿಷದಲ್ಲಿ ಹೊರಹೋಗಲು ಒಟ್ಟು 141 ಮೀಟರ್ ಅಗಲದ ಮೆಟ್ಟಿಲು ಬೇಕು. ಈ ನಿಯಮಗಳ ಹಿಂದೆ ಸಾವುಗಳಿವೆ: 1985ರಲ್ಲಿ ಬ್ರಾಡ್‌ಫರ್ಡ್‌ನ ಮರದ ಸ್ಟ್ಯಾಂಡ್‌ನ ಬೆಂಕಿಗೆ 56, 1989ರ ಹಿಲ್ಸ್‌ಬರೋ ನೂಕುನುಗ್ಗಲಿಗೆ 97. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜೀವ ಹೋದ ಮೇಲೆ ಈ ಲೆಕ್ಕವನ್ನು ನಮ್ಮೂರಿನವರೂ ಬಾಯಿಪಾಠ ಮಾಡಬೇಕು. ಗೇಟು ಎಷ್ಟು, ಅಗಲ ಎಷ್ಟು, ಗಂಟೆಗೆ ಎಷ್ಟು ಜನ ಎಂದು ಟಿಕೆಟ್ ಮಾರುವ ಮೊದಲೇ ಕೇಳಬೇಕು.

ಒಂದೊಂದೇ ಸ್ಟ್ಯಾಂಡ್ ಕೆಡವಿ ಕಟ್ಟಬಹುದಲ್ಲ? ಲಿವರ್‌ಪೂಲ್ ಕ್ಲಬ್ಬು ತನ್ನ ಆನ್‌ಫೀಲ್ಡ್ ಮೈದಾನದಲ್ಲಿ ಹಾಗೇ ಮಾಡಿತು. ಹಳೆಯದರ ಬೆನ್ನಿಗೆ ಹೊಸ ಮುಖ್ಯ ಸ್ಟ್ಯಾಂಡ್ ಎಬ್ಬಿಸಿ, 2016ರಲ್ಲಿ ತೆರೆಯಿತು. ಅದಕ್ಕೆ ಹಿಂದೆ ಜಾಗ ಬೇಕು. ಓಲ್ಡ್ ಟ್ರಾಫರ್ಡ್‌ನ ದಕ್ಷಿಣ ಸ್ಟ್ಯಾಂಡ್‌ನ ಬೆನ್ನಿಗೇ ರೈಲು ಹಳಿ, ಹಳಿಯಾಚೆ ಮನೆಗಳು. ಉಳಿದ ಮೂರು ಕಡೆ ಬೆಳೆದರೂ ಆ ಒಂದು ಕಡೆ ಮಾತ್ರ ಒಂದೇ ಅಂತಸ್ತಿಗೆ ನಿಂತಿರುವುದು ಇದಕ್ಕೇ. ಹಳಿಯ ಮೇಲೆ ಕಟ್ಟುವುದಾದರೆ ರೈಲು ನಿಂತಿರುವ ರಾತ್ರಿಯ ಕೆಲವೇ ಗಂಟೆಗಳಲ್ಲಿ ಕ್ರೇನ್ ಆಡಿಸಬೇಕು. ವಿಸ್ತರಣೆಯ ಯೋಜನೆ ಎಷ್ಟು ಎಳೆದರೂ ನಿಲ್ಲುತ್ತಿದ್ದುದು ಸುಮಾರು 87,000ಕ್ಕೆ.

ಹೀಗಾಗಿ 2025ರ ಮಾರ್ಚಿನಲ್ಲಿ ಕ್ಲಬ್ಬು ಹೊಸದರ ಪರವಾಗಿ ನಿಂತಿತು: ಪಕ್ಕದಲ್ಲೇ ಒಂದು ಲಕ್ಷ ಆಸನ, ಫಾಸ್ಟರ್ ಪ್ಲಸ್ ಪಾರ್ಟ್‌ನರ್ಸ್ ವಿನ್ಯಾಸ, ಅಂದಾಜು 200 ಕೋಟಿ ಪೌಂಡ್. ಬೇರೆಡೆ ತಯಾರಿಸಿದ 160 ಭಾಗಗಳನ್ನು ಮ್ಯಾಂಚೆಸ್ಟರ್ ಶಿಪ್ ಕೆನಾಲ್ ಮೂಲಕ ತಂದು ಜೋಡಿಸಿ ಐದು ವರ್ಷದಲ್ಲಿ ಮುಗಿಸುವ ಮಾತಿತ್ತು. ಕಟ್ಟುವಾಗಲೂ ಹಳೆಯದರಲ್ಲೇ ಆಡುತ್ತಿರಬಹುದು ಎಂಬುದು ಇದರ ದೊಡ್ಡ ಅನುಕೂಲ. ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬು ತನ್ನ ಹಳೆಯ ಮೈದಾನವನ್ನು ಕೆಡವಿದ್ದರಿಂದ 2017ರಿಂದ 2019ರವರೆಗೆ ವೆಂಬ್ಲಿ ಕ್ರೀಡಾಂಗಣದಲ್ಲಿ ಆಡಬೇಕಾಯಿತು. ಆದರೆ ಪಕ್ಕದ ಜಾಗದಲ್ಲಿ ಗೂಡ್ಸ್ ರೈಲುಗಳ ಕಂಟೇನರ್ ಯಾರ್ಡ್ ಇದೆ, ಅದು ಬೇರೆಡೆಗೆ ಹೋಗಬೇಕು.

ಹೊಸದೇ ಸರಿಯಾದ ದಾರಿ ಎನ್ನಲು ಮೆಟ್ಟಿಲ ಲೆಕ್ಕವೊಂದೇ ಸಾಕು. ಒಂದೇ ಆತಂಕ: ದುಬಾರಿ ಟಿಕೆಟಿನವರು ಊಟೋಪಚಾರದೊಂದಿಗೆ ಪಂದ್ಯ ನೋಡುವ ಕೊಠಡಿಗಳು, ಅಂದರೆ ಬಾಕ್ಸ್‌ಗಳು. ಅವನ್ನು ಅಂತಸ್ತುಗಳ ನಡುವೆ ತೂರಿಸಿದಷ್ಟೂ ಮೇಲಿನ ಅಂತಸ್ತು ಎತ್ತರಕ್ಕೂ ದೂರಕ್ಕೂ ಹೋಗುತ್ತದೆ. ಎದುರಿನ ಮೂಲೆ 190 ಮೀಟರ್ ದಾಟಿದರೆ ಚೆಂಡನ್ನು ಹುಡುಕಬೇಕಾಗುತ್ತದೆ. ತಲೆಮಾರುಗಳಿಂದ ಸೀಸನ್ ಟಿಕೆಟ್ ಇಟ್ಟುಕೊಂಡಿರುವ ಮನೆಗಳಿಗೆ ಕೆಳ ಅಂತಸ್ತಿನಲ್ಲಿ ಎಷ್ಟು ಸಾಲು, ಯಾವ ದರಕ್ಕೆ ಎಂಬುದನ್ನು ನಕ್ಷೆ ಅಂತಿಮವಾಗುವ ಮೊದಲೇ ಬರೆಸಿಕೊಳ್ಳಬೇಕು. ಕಾಂಕ್ರೀಟ್ ಬಿದ್ದ ಮೇಲೆ ಬದಲಿಸಲಾಗದು.