ಮಿದುಳಿಗೆ ಕೂರಿಸುವ ಡಬ್ಬಿ ಮತ್ತು ಕಂಪನಿಯ ಕರಾರು

ನಮ್ಮ ದಾವಣಗೆರೆಯ ಹುಡುಗರು ಫೈನಲ್ ಇಯರ್‌ಗೆ ಬಂದರೆ ಒಂದು ಗುಂಪಾದರೂ ಮಿದುಳಿನ ಸಿಗ್ನಲ್ ಮೇಲೆ ಪ್ರಾಜೆಕ್ಟ್ ಮಾಡುತ್ತೆ. ತಲೆಗೆ ಪಟ್ಟಿ ಕಟ್ಟಿ ಕಣ್ಣು ಮಿಟುಕಿಸಿದರೆ ಬಲ್ಬ್ ಹತ್ತಬೇಕು. ಹತ್ತುತ್ತೆ ಕೂಡ. (ಅದು ಮಿದುಳಿನದ್ದಲ್ಲ, ರೆಪ್ಪೆಯ ಸಿಗ್ನಲ್. ಎಕ್ಸಾಮಿನರ್‌ಗೆ ಹೇಳಬೇಡಿ.) ಆಮೇಲೆ ಕೇಳುತ್ತಾರೆ: "ಸರ್, ತಲೆ ಒಳಗೇ ಇಡುವಂಥದ್ದು ಕಾಲೇಜಲ್ಲಿ ಮಾಡೋಕೆ ಆಗಲ್ವಾ?"

ಕಾಲೇಜು ಬಿಡಿ, ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಿಗೂ ಒಬ್ಬರೇ ಮಾಡೋದು ಕಷ್ಟ. ಟೈಟಾನಿಯಂ ಡಬ್ಬಿ ಬೇಕು, ಒಳಗೆ ಒಂದು ಹನಿ ನೀರೂ ಹೋಗಬಾರದು, ಬ್ಯಾಟರಿ ವರ್ಷಗಟ್ಟಲೆ ಬರಬೇಕು, ಮೈಗೆ ತಂತಿ ಒಗ್ಗಬೇಕು, ಇದೆಲ್ಲ ಸುರಕ್ಷಿತ ಅಂತ ರಾಶಿ ಪರೀಕ್ಷೆ ಮಾಡಿ ಕಾಗದ ಇಟ್ಟಿರಬೇಕು. ಅದು ಕಂಪನಿಗಳ ಕೈಯಲ್ಲಿದೆ. ಆದರೆ ತಂತಿಯನ್ನು ಮಿದುಳಿನಲ್ಲಿ ಎಲ್ಲಿ ಇಡಬೇಕು, ಏನು ಕೇಳಿಸಿಕೊಳ್ಳಬೇಕು ಅನ್ನೋದು ಡಾಕ್ಟರು, ಸಂಶೋಧಕರಿಗೆ ಗೊತ್ತು. ಹಾಗಾಗಿ ಇಬ್ಬರೂ ಕರಾರು ಮಾಡಿಕೊಂಡು ಜೊತೆಯಾಗಬೇಕು.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲೀಮ್ ಲೂಯಿ ಬೆನಬಿದ್ ಅನ್ನುವ ಸರ್ಜನ್, ಮಿದುಳಿನ ಆಳಕ್ಕೆ ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಕರೆಂಟ್ ಮಿಡಿತ ಕೊಟ್ಟರೆ ಕೈ ನಡುಕ ನಿಲ್ಲುತ್ತೆ ಅಂತ ತೋರಿಸಿದರು. ಅದನ್ನು ದಿನವಿಡೀ ಕೊಡುವ ಯಂತ್ರಕ್ಕೆ (ತಲೆಯೊಳಗೆ ತಂತಿ, ಎದೆಯಲ್ಲಿ ಬ್ಯಾಟರಿಯ ಡಬ್ಬಿ) ವೈದ್ಯಕೀಯ ಯಂತ್ರ ಮಾಡುವ ಮೆಡ್‌ಟ್ರಾನಿಕ್ ಕಂಪನಿ ಜೊತೆಯಾಯಿತು. ಅಮೆರಿಕದಲ್ಲಿ ನಡುಕಕ್ಕೆ 1997ರಲ್ಲಿ, ಕೈ ನಡುಗಿ ಮೈ ಬಿಗಿಯುವ ಪಾರ್ಕಿನ್‌ಸನ್ ಕಾಯಿಲೆಗೆ 2002ರಲ್ಲಿ ಅನುಮತಿ ಸಿಕ್ಕಿತು.

ಆ ಯಂತ್ರ ಬರೀ ಕೊಡುತ್ತಿತ್ತು, ಏನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಮಾಡೋದೇ ಕಷ್ಟದ ಕೆಲಸ. ಕೊಡುವ ಮಿಡಿತ ಎರಡು ಮೂರು ವೋಲ್ಟ್. ಮಿದುಳಿನಿಂದ ಬರುವ ಸಿಗ್ನಲ್ ಕೆಲವೇ ಮೈಕ್ರೋವೋಲ್ಟ್, ಅಂದರೆ ಲಕ್ಷಗಟ್ಟಲೆ ಪಟ್ಟು ಸಣ್ಣದು. ದುಗ್ಗಮ್ಮನ ಜಾತ್ರೆಯಲ್ಲಿ ಮೈಕಿನ ಕೆಳಗೆ ನಿಂತು ಪಕ್ಕದವರ ಪಿಸುಮಾತು ಕೇಳಿಸಿಕೊಂಡ ಹಾಗೆ. ಇಂಜಿನಿಯರುಗಳು ಒಂದು ಉಪಾಯ ಮಾಡಿದರು. ತಂತಿಯ ಮೇಲೆ ಕರೆಂಟ್ ಕೊಡುವ ಲೋಹದ ಬಿಂದುವಿನ ಆಚೆ ಒಂದು, ಈಚೆ ಒಂದು ಬಿಂದುವಿನಿಂದ ಸಿಗ್ನಲ್ ತಗೊಂಡು ಒಂದರಿಂದ ಇನ್ನೊಂದನ್ನು ಕಳೆದರೆ, ಎರಡರಲ್ಲೂ ಸಮನಾಗಿರುವ ಮಿಡಿತದ ಗಲಾಟೆ ಬಹುಪಾಲು ಹೋಗುತ್ತೆ. ಉಳಿದದ್ದನ್ನು ಫಿಲ್ಟರ್ ಮಾಡುತ್ತಾರೆ. ಆಗ ಸೆಕೆಂಡಿಗೆ 13ರಿಂದ 30 ಸಲ ಏರಿಳಿಯುವ ಬೀಟಾ ಅಲೆ ಕಾಣುತ್ತೆ. ಪಾರ್ಕಿನ್‌ಸನ್ ಇರುವವರಲ್ಲಿ ಮೈ ಬಿಗಿದುಕೊಂಡಾಗ ಸಾಮಾನ್ಯವಾಗಿ ಇದು ಜಾಸ್ತಿ.

ಬೀಟಾ ಏರಿದಾಗ ಮಾತ್ರ ಕರೆಂಟ್ ಕೊಟ್ಟರೆ ಸಾಲದಾ? 2013ರಲ್ಲಿ ಆಕ್ಸ್‌ಫರ್ಡ್‌ನ ಪೀಟರ್ ಬ್ರೌನ್ ಅವರ ತಂಡ ಎಂಟು ಜನರಲ್ಲಿ ಪರೀಕ್ಷಿಸಿ ನೋಡಿತು. ಕರೆಂಟ್ ಕೊಡುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಯಿತು, ಫಲಿತಾಂಶ ಮಾತ್ರ ಇನ್ನೂ ಚೆನ್ನಾಗಿ ಬಂತು. ಅದೇ ಹೊತ್ತಿಗೆ ಮೆಡ್‌ಟ್ರಾನಿಕ್, ರೆಕಾರ್ಡ್ ಮಾಡುವ ಯಂತ್ರವನ್ನು ಕೆಲವು ಸಂಶೋಧನಾ ತಂಡಗಳಿಗೆ ಕೊಟ್ಟಿತು. ಮಿದುಳಿನ ಸಂಶೋಧನೆಗೆ ಹಣ ಕೊಡುವ ಅಮೆರಿಕ ಸರ್ಕಾರದ ಬ್ರೇನ್ ಯೋಜನೆ ಕಂಪನಿಗಳನ್ನೂ ಲ್ಯಾಬ್‌ಗಳನ್ನೂ ಕೂರಿಸಿ ಕರಾರಿನ ಮಾದರಿ ಮೊದಲೇ ಬರೆದಿಟ್ಟಿತು. ಇಲ್ಲದಿದ್ದರೆ ಡೇಟಾ ಯಾರದು, ಪೇಟೆಂಟ್ ಯಾರದು ಅಂತ ವಕೀಲರು ಜಗ್ಗಾಡುವುದರಲ್ಲೇ ಗ್ರಾಂಟ್ ಮುಗಿದುಹೋಗುತ್ತೆ! ಕೊನೆಗೆ 2020ರಲ್ಲಿ ರೆಕಾರ್ಡ್ ಮಾಡುವ ಮೆಡ್‌ಟ್ರಾನಿಕ್‌ನ ಪರ್ಸೆಪ್ಟ್ ಯಂತ್ರ ಮಾರುಕಟ್ಟೆಗೆ ಬಂತು, ಅದು ಕರೆಂಟನ್ನು ತಾನೇ ಏರಿಸಿ ಇಳಿಸುವುದಕ್ಕೆ ಅಮೆರಿಕದ ಅನುಮತಿ ಸಿಕ್ಕಿದ್ದು 2025ರಲ್ಲಿ.

ಆದರೆ ಕರಾರಿನಲ್ಲಿ ರೋಗಿಗೆ ಜಾಗ ಕಡಿಮೆ ಅಂತ ನನ್ನ ತಕರಾರು. ಸೆಕೆಂಡ್ ಸೈಟ್ ಅನ್ನುವ ಕಂಪನಿ ಆರ್ಗಸ್ ಎಂಬ ಕೃತಕ ಕಣ್ಣು ಮಾಡಿತ್ತು. 350ಕ್ಕೂ ಹೆಚ್ಚು ಜನರಿಗೆ ಹಾಕಿದ್ದರು. 2019ರಲ್ಲಿ ಅದನ್ನು ಮಾಡೋದೇ ನಿಲ್ಲಿಸಿದರು, ಮರುವರ್ಷ ಕಂಪನಿ ಮುಳುಗುವ ಹಂತಕ್ಕೆ ಬಂತು. ಕಣ್ಣೊಳಗೆ ಯಂತ್ರ ಇದ್ದವರು ರಿಪೇರಿಗೆ ಯಾರನ್ನು ಕೇಳಬೇಕು? ಮೊಬೈಲ್ ಆಗಿದ್ದರೆ ಡ್ರಾಯರ್‌ನಲ್ಲಿ ಎಸೆಯಬಹುದಿತ್ತು.

ನಮ್ಮಲ್ಲಿ ಇಂಥ ಜೋಡಿ ಕೆಲಸ ಆಗೋದೇ ಇಲ್ಲ ಅನ್ನುವವರಿಗೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯನ್ನು ತೋರಿಸುತ್ತೇನೆ. ಅಲ್ಲಿ ಮಾಡಿದ ಹೃದಯದ ವಾಲ್ವ್ ಅನ್ನು 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದರು, ಟಿಟಿಕೆ ಕಂಪನಿ ಅದನ್ನು ತಯಾರಿಸಿ ಮಾರಿತು, ಲಕ್ಷಕ್ಕೂ ಹೆಚ್ಚು ಜನರಿಗೆ ಬಳಕೆಯಾಯಿತು. ಮಿದುಳಿನ ಯಂತ್ರ ಇದಕ್ಕಿಂತ ತೊಡಕಿನದು, ಒಪ್ಪುತ್ತೇನೆ. ಆದರೆ ಪಕ್ಕದ ಚಳ್ಳಕೆರೆಯ ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ಸೇ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇವರನ್ನೂ ಕಂಪನಿಗಳನ್ನೂ ಒಟ್ಟಿಗೆ ಕೂರಿಸುವವರು ಬೇಕು ಅಷ್ಟೇ.

ಇದೆಲ್ಲ ನನ್ನ ತಲೆಗೆ ಹೊಕ್ಕಿದ್ದು ಚನ್ನಗಿರಿಯ ನಮ್ಮ ಮಾವನಿಂದ. ಪಾರ್ಕಿನ್‌ಸನ್‌ಗೆ ಹಳೆಯ ಬಗೆಯ ಯಂತ್ರ ಹಾಕಿಸಿಕೊಂಡು ಈಗ ಅಡಿಕೆ ಮಂಡಿಗೆ ತಾವೇ ಹೋಗಿಬರುತ್ತಾರೆ. ಬ್ಯಾಟರಿ ಮುಗಿಯುತ್ತಾ ಬಂದಿದೆ. ತಲೆಯ ತಂತಿ ಹಳೆಯದೇ ಇರಲಿ, ಎದೆಯ ಡಬ್ಬಿ ಮಾತ್ರ ರೆಕಾರ್ಡ್ ಮಾಡುವಂಥದ್ದು ಹಾಕೋಣವಾ ಅಂತ ಡಾಕ್ಟರ್ ಕೇಳಿದ್ದಾರಂತೆ. ಮಾವ ಫೋನ್ ಮಾಡಿ, "ಅದು ಬರ್ಕೊಂಡಿದ್ದನ್ನ ಯಾರ್ ಓದ್ತಾರಪ್ಪಾ? ಕಂಪನಿ ಬಾಗ್ಲು ಹಾಕಿದ್ರೆ ನಾನ್ ಯಾರ್ ಹತ್ರ ಹೋಗ್ಲಿ?" ಅಂದರು. ಎರಡನ್ನೂ ಚೀಟಿಯಲ್ಲಿ ಬರೆದು ಡಾಕ್ಟರ್ ಮುಂದೆ ಇಡಿ, ಉತ್ತರವನ್ನೂ ಬರೆಸಿಕೊಂಡೇ ಬನ್ನಿ ಅಂತ ಹೇಳಿದ್ದೇನೆ.