ಸಂತೆಯ ಸುಂಕ ಮತ್ತು ಅಬರ್ಡೀನ್ ಪಟ್ಟಣದ ಸಾಲ

ಕೊಪ್ಪಳದ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ನಮ್ಮ ದೊಡ್ಡವ್ವ, ಸುಂಕದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ-ಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಾಳೆ. ‘ಈ ರೊಕ್ಕ ಎಲ್ಲಿಗಿ ಹೊಕ್ಕೈತೆಪಾ?’ ಎಂದು ಆಕೆ ಕೇಳಿದ ದಿನದಿಂದ ನಾನು ಪಟ್ಟಣಗಳ ಲೆಕ್ಕಪತ್ರಗಳ ಇತಿಹಾಸವನ್ನು ಆಸಕ್ತಿಯಿಂದ ಓದುತ್ತಿದ್ದೇನೆ.

ಸ್ಕಾಟ್ಲೆಂಡಿನ ಹಳೆಯ ಪಟ್ಟಣಗಳಲ್ಲಿಯೂ ಸಂತೆಯ ಸುಂಕ ಎತ್ತುವ ಹಕ್ಕನ್ನು ಬಹಿರಂಗವಾಗಿ ಹರಾಜು ಹಾಕುತ್ತಿದ್ದರು. ಆ ಹಣ, ಊರಿನ ಜಮೀನು, ಗಿರಣಿ ಮತ್ತು ಮೀನುಗಾರಿಕೆಯ ಆದಾಯದೊಂದಿಗೆ ‘ಊರೊಟ್ಟಿನ ನಿಧಿ’ಗೆ ಸೇರುತ್ತಿತ್ತು, ಅದನ್ನು ಊರಿನ ಹಿತಕ್ಕಷ್ಟೇ ಬಳಸಬೇಕೆಂದು 1491ರ ಕಾಯ್ದೆ ವಿಧಿಸಿತ್ತು. ಅಬರ್ಡೀನಿನ ನಿಧಿಗೆ ಮೂಲ, 1319ರಲ್ಲಿ ದೊರೆ ರಾಬರ್ಟ್ ಬ್ರೂಸ್ ಊರಿಗೆ ಬಿಟ್ಟುಕೊಟ್ಟ ಸ್ಟಾಕೆಟ್ ಅರಣ್ಯ.

ಅದೇ ಅಬರ್ಡೀನ್ 1817ರಲ್ಲಿ ದಿವಾಳಿಯಾಯಿತು. ಯೂನಿಯನ್ ಸ್ಟ್ರೀಟ್ ಎಂಬ ಹೊಸ ರಾಜಬೀದಿಗಾಗಿ ಗುಡ್ಡ ಕಡಿದು, ತಗ್ಗಿನ ಮೇಲೆ ಕಮಾನುಗಳನ್ನು ಕಟ್ಟಿ, ಡೆನ್‌ಬರ್ನ್ ಹಳ್ಳಕ್ಕೆ ದಡದಿಂದ ದಡಕ್ಕೆ ಸುಮಾರು 130 ಅಡಿ ಚಾಚಿದ ಒಂದೇ ಕಮಾನಿನ ಗ್ರಾನೈಟ್ ಸೇತುವೆಯನ್ನು 1805ರ ಹೊತ್ತಿಗೆ ಎತ್ತಿದ್ದರು. ನಮ್ಮ ಕಲ್ಲುಗುಡ್ಡಗಳ ಸೀಮೆಯವರಿಗೆ ಆ ಕೆಲಸದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬೀದಿ ಬದಿಯ ನಿವೇಶನಗಳಿಂದ ಬರಬೇಕಾದ ಆದಾಯ ತಡವಾಯಿತು, ಸಾಲ ಬೆಳೆಯಿತು. ನನ್ನ ದೃಷ್ಟಿಯಲ್ಲಿ ತಪ್ಪು ಸೇತುವೆಯದಲ್ಲ, ಜನರಿಗೆ ಲೆಕ್ಕ ಒಪ್ಪಿಸದ ವ್ಯವಸ್ಥೆಯದು: ಪಟ್ಟಣ ಸಭೆಯ ಹಳೆಯ ಸದಸ್ಯರೇ ಹೊಸಬರನ್ನು ಆರಿಸುತ್ತಿದ್ದ ಆ ಪದ್ಧತಿ 1833ರ ಸುಧಾರಣೆಯವರೆಗೂ ಉಳಿದಿತ್ತು.

ಇದನ್ನೆಲ್ಲ ಕೇಳಿದ ದೊಡ್ಡವ್ವ, ‘ಆ ಸೇತುವಿ ಇನ್ನೂ ಐತೇನು?’ ಎಂದಳು. ಇದೆ, ಮುಂದೆ ಅಗಲಗೊಳಿಸಿದ್ದಾರೆ, ಜನ ಅದರ ಮೇಲೆಯೇ ಓಡಾಡುತ್ತಾರೆ.